ಎರಡು ಚದರ ಮೀಟರ್

ಬೆಳಗಿನ ನಾಲ್ಕಕ್ಕೇ ಬದ್ರಿಯ ಒಲೆ ಹೊತ್ತಿರುತ್ತದೆ
ನನ್ನ ಗೋಡೆಯ ಆಚೆ.
ಕುತೈಸಿಯ ಈ ಓಣಿಗೆ ಅಲಾರಾಂ ಬೇಡ,
ಅವನು ಹಿಟ್ಟು ಬಡಿಯುವ ಸದ್ದೇ ಸಾಕು.

ಇವತ್ತು ಕತ್ತಿಯಂತೆ ಬಾಗಿದ ರೊಟ್ಟಿಯ ಜೊತೆ
ಕಾಗದದ ಕಟ್ಟೊಂದನ್ನೂ ತಂದ.
ಹಿಂದೆ ನೆಸ್ತಾನ್, ಕೈ ಒರೆಸಿಕೊಳ್ಳುತ್ತ.
"ಓದಿ ಹೇಳಿ ಟೀಚರ್,
ಹೋಗಬಹುದೋ, ಹೋಗಬಾರದೋ."
ಮೂವತ್ತೆರಡು ವರ್ಷ ಜರ್ಮನ್ ಕಲಿಸಿದವಳು ನಾನು.
ಆ ದೇಶ ಕಂಡವಳಲ್ಲ,
ಅದರ ವ್ಯಾಕರಣ ಬಲ್ಲೆ, ಅಷ್ಟೆ.

ಕಾಸೆಲ್ ಎಂಬ ಊರು. ಬೇಕರಿ. ರಾತ್ರಿ ಪಾಳಿ.
ಕೈಗೆ ಸಿಗುವುದು ಎರಡು ಸಾವಿರದ ಮುನ್ನೂರು ಯೂರೋ.
ಬದ್ರಿ ಅದನ್ನು ನಮ್ಮ ದುಡ್ಡಿಗೆ ಗುಣಿಸಿದ,
ಒಂದು ಗಳಿಗೆ ಅವನ ಮುಖ ಉಬ್ಬಿದ ರೊಟ್ಟಿ.
"ಅಲ್ಲಿ ದುಡಿದು ಇಲ್ಲಿ ಎಣಿಸಬೇಡ" ಅಂದಳು ನೆಸ್ತಾನ್,
"ಉಣ್ಣುವುದೂ ಅಲ್ಲೇ."

ಬಾಡಿಗೆಯಲ್ಲಿ ಅವರಿಗೆ ಎರಡು ಬಗೆ:
ತಣ್ಣನೆಯದು, ಬೆಚ್ಚನೆಯದು.
ತಣ್ಣನೆಯದು ಬರೀ ಗೋಡೆಗಳಿಗೆ.
ಬೆಚ್ಚನೆಯದು ನೀರಿಗೆ, ಕಾವಿಗೆ, ಕಸಕ್ಕೆ,
ಮೆಟ್ಟಿಲು ಗುಡಿಸುವವನಿಗೆ.
ಬದ್ರಿ ನಕ್ಕುಬಿಟ್ಟ.
ಹದಿನಾರಕ್ಕೇ ಬಾವಿಯಂಥ ಮಣ್ಣಿನ ಒಲೆಗೆ
ಸೊಂಟದ ತನಕ ಬಗ್ಗಿ ರೊಟ್ಟಿ ಹಚ್ಚಿದವನು,
ಹುಬ್ಬು ಎರಡು ಸಲ ಸುಟ್ಟುಕೊಂಡವನು.
"ಇಷ್ಟು ವರ್ಷ ಕಾವನ್ನು ಪುಕ್ಕಟೆ ಉಂಡೆನಲ್ಲ!"

ಆಮೇಲೆ ಕ್ರಿಯಾಪದಗಳು ಬಂದವು.
ಸಂಬಳ ಇಷ್ಟಿರಬೇಕು. ವಿಮೆ ಇರಬೇಕು.
ಹೆಂಡತಿ ಭಾಷೆ ಕಲಿತಿರಬೇಕು, ಪರೀಕ್ಷೆ ಪಾಸಾಗಿರಬೇಕು.
ಕುಟುಂಬ ಬರಬಹುದು.
ಅಷ್ಟು 'ಬೇಕು'ಗಳ ಬಾಲಕ್ಕೆ ಒಂದೇ ಒಂದು 'ಬಹುದು'.
ತರಗತಿಯಲ್ಲಿ ನಾನೇ ಹೇಳಿಕೊಟ್ಟಿದ್ದೆ:
ವಿಧ್ಯರ್ಥ ನಿನ್ನ ಪಾಡು,
ಸಂಭಾವನಾರ್ಥ ಅವರ ಮರ್ಜಿ.

ಆರನೇ ಪುಟದಲ್ಲಿ ನನ್ನ ಬೆರಳು ನಿಂತಿತು.
ಮನೆಯ ಅಳತೆ. ತಲೆಗೆ ಹನ್ನೆರಡು ಚದರ ಮೀಟರ್,
ಆರು ತುಂಬದ ಮಗುವಿಗೆ ಹತ್ತು ಸಾಕು.
ತಮ್ತಾಗೆ ಆರು ತುಂಬುವುದು ಅಕ್ಟೋಬರಿನಲ್ಲಿ.
ವೀಸಾ ಕಚೇರಿಯ ಸರದಿ ನವೆಂಬರಿಗೆ.
ನೆಂಟನೊಬ್ಬ ಹುಡುಕಿಟ್ಟ ಮನೆ ಮೂವತ್ತನಾಲ್ಕು,
ಅದರ ಮೇಲಿನದು ಮೂವತ್ತೇಳು,
ತಿಂಗಳಿಗೆ ನೂರೆಂಬತ್ತು ಹೆಚ್ಚು.
ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದು ನಮ್ಮ ಲೆಕ್ಕ;
ಅಲ್ಲಿ ಕಾಲು ಬೆಳೆಯುವ ಮುಂಚೆ
ಹಾಸಿಗೆ ತೋರಿಸಬೇಕು.
"ಈ ಸಲ ಹುಟ್ಟುಹಬ್ಬ ಮಾಡದಿದ್ದರೆ?" ಅಂದ ಬದ್ರಿ.
ನೆಸ್ತಾನ್ ಅವನನ್ನು ನೋಡಿದ ನೋಟವನ್ನು
ನಾನು ಅನುವಾದಿಸಲಾರೆ.

ಕಾಗದದಲ್ಲಿ ಇಲ್ಲದ್ದೂ ಇತ್ತು.
ಗಲ್ಲಾದ ಕೆಳಗೆ ಓಣಿಯ ಸಾಲದ ಪುಸ್ತಕ,
ಹನ್ನೊಂದು ಮನೆಗಳದು,
ಫೆಬ್ರವರಿಯಿಂದ ನನ್ನದೂ.
ಅದರ ಮಾತನ್ನು ಅವರು ಎತ್ತಲಿಲ್ಲ.
ಹೋಗಬೇಡ ಎಂದರೆ ಅದು ಬಿಸಿ ರೊಟ್ಟಿಯ ಆಸೆಗೆ,
ಹೋಗು ಎಂದರೆ ಸಾಲ ಮರೆಯಲಿ ಎಂದು.
ಎರಡೂ ನನ್ನ ಬಾಯಲ್ಲಿ ಹೊಲಸು.
ನಾಳೆ ನೋಡೋಣ, ಕಣ್ಣು ನೋಯುತ್ತಿದೆ ಅಂದೆ.

ರಾತ್ರಿ ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು.
ಬದ್ರಿ ಮೊಣಕಾಲೂರಿ, ಟೇಪು ಹಿಡಿದು,
ಹಿಟ್ಟಿನಲ್ಲಿ ಗೆರೆ ಎಳೆಯುತ್ತಿದ್ದ:
ಒಂದು ಮೀಟರ್ ಅಗಲ, ಎರಡು ಮೀಟರ್ ಉದ್ದ.
ತಮ್ತಾ ಅದರೊಳಗೆ ಅಂಗಾತ ಮಲಗಿದಳು,
ಕೈ ಚಾಚಿದಳು, ಉರುಳಿದಳು,
ಕೂದಲೆಲ್ಲ ಬಿಳಿ, ನನ್ನದರ ಹಾಗೆ.
"ಇಷ್ಟೂ ನನಗೊಬ್ಬಳಿಗೇನಾ?
ಇದರಲ್ಲಿ ನಾಯಿಯೂ ಹಿಡಿಸುತ್ತದೆ!"
ನೆಸ್ತಾನ್ ಪೊರಕೆ ತಂದಳು,
ಗುಡಿಸದೆ, ಗೋಡೆಗೆ ಒರಗಿಸಿ ನಿಂತಳು.

ನನ್ನ ಮೇಜಿನ ಮೇಲೆ ಏಳನೇ ಪುಟ ಹಾಗೇ ಇದೆ.
ಮೊದಲ ಪದ ಮಾತ್ರ ಓದಿದ್ದೇನೆ:
'ಆದಾಗ್ಯೂ'.