ಏಳು ಮಾರು, ಕೆಸರು

ಬೀದರಿನ ಚೌಬಾರದ ಹಿಂದಿನ ಗಲ್ಲಿಯಲ್ಲಿ
ಫೋಟೋಗೆ ಕಟ್ಟು ಹಾಕುವ ನಮ್ಮಂಗಡಿ.
ವಕೀಲರ ಸೊಸೆ ಸುರುಳಿಯೊಂದನ್ನು ಇಟ್ಟು ಹೋದರು,
ಟ್ರಂಕಿನ ತಳಕ್ಕೆ ಹಾಸಿದ್ದು, ಜಿರಲೆ ತಿಂದುಳಿದದ್ದು.
"ಗ್ಲಾಸ್ ಹಾಕ್ರಿ, ಅಂಚು ಮಾತ್ರ ಕೊಯ್ಯಬ್ಯಾಡ್ರಿ."

ಬಿಚ್ಚಿದೆ. ನಾಲ್ಕು ಮೂಲೆಗೆ ನಾಲ್ಕು ಮೊಳೆಡಬ್ಬಿ.
ಕಾರವಾರದಿಂದ ಭಟ್ಕಳದ ತನಕ ದಂಡೆ.
ಇಂಥ ನಕಾಶೆ ಕಂಡಿರಲಿಲ್ಲ ನಾನು:
ನೆಲವೆಲ್ಲ ಖಾಲಿ, ನೀರೆಲ್ಲ ಬರಹ.
ಸಜ್ಜೆ ಚೆಲ್ಲಿದ ಹಾಗೆ ಅಂಕಿ,
ಅಂಕಿಯ ಮಗ್ಗುಲಿಗೆ ಒಂದೊಂದು ಪುಟ್ಟ ಅಕ್ಷರ,
ಬಂಡೆಯಿದ್ದಲ್ಲಿ ಸಣ್ಣ ಶಿಲುಬೆ,
ಮೂಲೆಯಲ್ಲಿ ಮೂವತ್ತೆರಡು ಎಸಳಿನ ದಿಕ್ಕಿನ ಹೂವು.

ಎದುರು ಸಾಲಿಯ ಮಾಸ್ತರು ಕನ್ನಡಕ ಒರೆಸಿ ಓದಿದರು:
ಬಿಳಿ ಗುಡಿಯೂ ಗೂನು ಗುಡ್ಡವೂ ಒಂದೇ ಗೆರೆಗೆ ಬಂದಾಗ
ಒಳಕ್ಕೆ ತಿರುಗಬೇಕು, ಮೊದಲಲ್ಲ.
ಅಂಕಿ ಅಂದರೆ ಆಳ. ಮಾರಿನ ಲೆಕ್ಕ.
ಸೀಸದ ಗುಂಡಿಗೆ ಕೊಬ್ಬು ಬಳಿದು ಬಿಡುತ್ತಿದ್ದರಂತೆ,
ತಳದಲ್ಲಿ ಅಂಟಿ ಬಂದದ್ದನ್ನು ಬರೆಯುತ್ತಿದ್ದರಂತೆ:
ಉಸುಕು. ಚಿಪ್ಪು. ಏಳು ಮಾರು, ಕೆಸರು.

"ಮಾರೇನ್ರಿ?" ಅಂದ ಝರೆಪ್ಪ.
ಹೆಂಡತಿಯ ಫೋಟೋದ ಒಡೆದ ಗಾಜು ಬದಲಿಸಲು ಬಂದವ,
ಮೂವತ್ತು ವರ್ಷ ಊರಿನ ಬಾವಿಗಳ ಹೂಳೆತ್ತಿದವ.
ಗಾಜಿನ ರಾಶಿಯ ನಡುವೆಯೇ ಎರಡೂ ತೋಳು ಚಾಚಿದ.
"ನಾ ಮೇಣ ಬಳೀತಿದ್ದೆ, ಕಲ್ಲಿಗೆ.
ಹೂಳು ಹತ್ತಿದ್ರ ಇಳೀತಿದ್ದೆ,
ಏನೂ ಹತ್ತಲಿಲ್ಲಂದ್ರ ತಳಕ್ಕ ಬಂಡಿ. ಇಳೀತಿರ್ಲಿಲ್ಲ."
ಆಮೇಲೆ, ತುಸು ತಡೆದು:
"ಇದರ ಮ್ಯಾಲ ಕಾಂಪ್ಲೆಕ್ಸ್ ಕಟ್ಟಿಲ್ಲೇನ್ರಿ?"

ಬೀದರ ಎಲ್ಲಿ ಅಂತ ಹುಡುಕಿದ.
ಕಾಗದ ಘಟ್ಟದ ಬುಡಕ್ಕೇ ಮುಗಿದಿತ್ತು.
ಮಾಸ್ತರು ಪಟ್ಟಿ ಇಟ್ಟು ಗುಣಿಸಿದರು:
ಇದೇ ಅಳತೆಯಲ್ಲಿ ಹೋದರೆ
ಕಾರವಾರದಿಂದ ನಮ್ಮೂರು ಹತ್ತಿರ ಹತ್ತಿರ ಎರಡು ಮಾರು.

ಈಶಾನ್ಯದ ಎಸಳು ಬಾಗಿಲಿನ ಕಡೆಗಿತ್ತು.
ಝರೆಪ್ಪ ತೋಳು ಚಾಚುತ್ತ, ಮಡಚುತ್ತ
ಟೇಬಲ್ ದಾಟಿ, ಹೊಸ್ತಿಲು ದಾಟಿ,
ಚಹಾದ ಬಂಡಿಯ ಗಾಲಿಯ ಹತ್ತಿರ ನಿಂತ.
ಆಟೋದವ ಹಾರ್ನ್ ಹೊಡೆದ. ಇವನು ಸರಿಯಲಿಲ್ಲ.
"ಇಲ್ಲೇ ಇತ್ತಲ್ರಿ, ಬಾವಿ."

ಸಂಜೆ ಗ್ಲಾಸ್ ಕೂರಿಸಿ ನಕಾಶೆ ಬೋರಲು ಹಾಕಿದೆ.
ಹಿಂದಿನ ಹಲಗೆ ಬಡಿಯುವ ಮೊದಲು
ಆ ಹಲಗೆಯ ಒಳಮೈಗೆ, ಕಾಗದಕ್ಕಲ್ಲ,
ಅವನು ಹೇಳಿದ್ದನ್ನು ಪೆನ್ಸಿಲಿನಲ್ಲಿ ಬರೆದೆ:
ಹದಿನೇಳು ಮಾರು, ಕೆಂಪು ಮುರುಮ.
ಮೇಲೆ ಹನ್ನೆರಡು ಮೊಳೆ.

ಎಂಟುನೂರು ಅಂದೆ.
ವಕೀಲರ ಸೊಸೆ ಚೌಕಾಸಿ ಮಾಡಿ
ಏಳುನೂರು ಎಣಿಸಿ ಕೊಟ್ಟರು.