ಮುಚ್ಚಳ ಸಂಖ್ಯೆ ನಲವತ್ತೊಂದು

ಆದೇಶ ಬಂದದ್ದು ಮಂಗಳವಾರ,
ಉಲಾನ್‌ಬಾತರಿನಲ್ಲಿ ಚಳಿ ಸೊನ್ನೆಗಿಂತ ಮೂವತ್ತೆರಡು ಕೆಳಗಿದ್ದ ದಿನ.
ಹದಿನಾಲ್ಕನೆಯ ವಠಾರದ ನೂರಾ ಆರು ಮಂದಿ ರುಜು ಹಾಕಿದ್ದಾರೆ:
ನಾತ. ಕಳವು. ರಾತ್ರಿಯ ಗಲಾಟೆ.
ಆದ್ದರಿಂದ ಬಿಸಿನೀರಿನ ಕೊಳವೆಗಿಳಿಯುವ ಮುಚ್ಚಳಗಳನ್ನು
ಬೆಸುಗೆ ಹಾಕಿ ಮುಚ್ಚತಕ್ಕದ್ದು.
ಕೆಳಗೆ ಮೊಹರು. ಮೊಹರಿನ ಕೆಳಗೆ ನನ್ನ ಹೆಸರು,
ಕಾಗುಣಿತ ತಪ್ಪು.

ಇಪ್ಪತ್ತಾರು ವರ್ಷದ ಚಾಕರಿ ನನ್ನದು.
ಈ ಊರಿನ ಹೊಟ್ಟೆಯೊಳಗೆ ಯಾವ ಕರುಳು ಎಲ್ಲಿ ತಿರುಗುತ್ತದೆ,
ಎಲ್ಲಿ ತೊಟ್ಟಿಕ್ಕುತ್ತದೆ, ಕಣ್ಣು ಕಟ್ಟಿದರೂ ಹೇಳಬಲ್ಲೆ.
ಹೊಗೆ ಆಕಾಶಕ್ಕೆ, ಬಿಸಿನೀರು ಮನೆಗಳಿಗೆ;
ದಾರಿಯಲ್ಲಿ ಸೋರಿದ ಬಿಸುಪು ಯಾರದ್ದೂ ಅಲ್ಲವೆಂದು
ಲೆಕ್ಕದಲ್ಲಿ ಬರೆಯುತ್ತಿದ್ದೆವು,
'ನಷ್ಟ' ಎಂಬ ಅಂಕಣದಲ್ಲಿ.
ಆ ನಷ್ಟದ ಮೇಲೆ ರಟ್ಟು ಹಾಸಿಕೊಂಡು
ನಾಲ್ವರು ಮಲಗಿದ್ದರು.

ಬೆಸುಗೆಗೆ ಮುಂಚೆ ಇಳಿದು ನೋಡಬೇಕು, ಅದು ನಿಯಮ.
ನಿಯಮ ಇರದಿದ್ದರೆ ನೋಡುತ್ತಿದ್ದೆನೇ? ಗೊತ್ತಿಲ್ಲ.
ಹನ್ನೊಂದು ಮೆಟ್ಟಿಲ ಏಣಿ. ಟಾರ್ಚಿನ ಬೆಳಕಿಗೆ
ಮೊದಲು ಕಂಡದ್ದು ಒಂದು ಸಾಲು ಕಾಲುಚೀಲ,
ಕೊಳವೆಯ ಮೇಲೆ, ಹಿರಿದರಿಂದ ಕಿರಿದಕ್ಕೆ,
ಯಾವುದೋ ತಾಯಿ ಒಣಹಾಕಿದ ಹಾಗೆ.

ತಾಯಿಗೆ ಹನ್ನೆರಡು ವರ್ಷ. ಹೆಸರು ಮಿಚಿದ್ಮಾ.
"ಸರಕಾರದವರಾ?" ಎಂದಳು.
"ಕೊಳವೆಯವನು" ಎಂದೆ.
ಅಷ್ಟಕ್ಕೇ ನಂಬಿದಳು.

ಕಿರಿಯವನನ್ನು ಕೇಳಿದೆ, ನಿನ್ನ ಹೆಸರೇನಪ್ಪ?
"ನೆರ್ಗುಯ್."
ಹಾಗೆಂದರೆ ನಮ್ಮಲ್ಲಿ, ಹೆಸರಿಲ್ಲದವನು.
ಹುಟ್ಟಿದ ಕೂಸುಗಳು ಕೈಗೆ ದಕ್ಕದ ಮನೆಯಲ್ಲಿ
ಸಾವಿನ ಕಣ್ಣಿಗೆ ಮಣ್ಣೆರಚಲು ಇಡುವ ಹೆಸರು.
ಯಾರೋ ಒಬ್ಬಳು, ಈ ಮಗು ಉಳಿಯಲೇಬೇಕೆಂದು
ಅಷ್ಟು ಉಪಾಯ ಮಾಡಿದ್ದಳು.
ಸಾವು ಮೋಸಹೋಯಿತು.
ಜನಗಣತಿಯವನೂ ಮೋಸಹೋದ.
ಶಾಲೆಯ ಹಾಜರಿ ಪುಸ್ತಕವೂ.

ಮೇಲೆ ಬಂದೆ. ಬೆಸುಗೆಯ ಸಲಾಕೆ ಚೀಲದಲ್ಲೇ.
ರುಜು ಹಾಕಿದವರ ಪಟ್ಟಿ ಹಿಡಿದು ಬಾಗಿಲು ಬಡಿದೆ,
ನೂರಾ ಆರೂ ಅಲ್ಲ, ಸುಳ್ಳೇಕೆ, ಒಂಬತ್ತು.
ಮೊದಲನೆಯದು ತೆರೆಯಲೇ ಇಲ್ಲ.
ಎರಡನೆಯದು "ಅನಾಥಾಲಯ ಇದೆಯಲ್ಲ?" ಎಂದಿತು.
ಇದೆ. ತಲೆಯಲ್ಲಿ ಹೊಲಿಗೆಯ ಗುರುತು ಹೊತ್ತು
ಮಿಚಿದ್ಮಾ ಓಡಿಬಂದದ್ದು ಅಲ್ಲಿಂದಲೇ.
ಐದನೆಯ ಮನೆಯಾತ ಕಣ್ಣೊರೆಸಿಕೊಂಡ, ನೋಟು ಕೊಟ್ಟ,
ರುಜು ಮಾತ್ರ ಹಿಂದಕ್ಕೆ ಪಡೆಯಲಿಲ್ಲ.

ದುಲ್ಮಾ ಅಜ್ಜಿ ಕಿಟಕಿಯಡಿಯ ರೇಡಿಯೇಟರಿಗೆ
ಬೆನ್ನು ಕೊಟ್ಟು ಕೂತಿದ್ದಳು.
ಅವಳ ಕೈ ಹಿಡಿದು ಆ ಕಬ್ಬಿಣದ ಮೇಲಿಟ್ಟೆ:
"ಇದು ನಿಮಗೆ ತಲುಪುವ ಮೊದಲು
ಅವರ ಬೆನ್ನು ಸವರಿ ಬರುತ್ತದೆ, ಅಜ್ಜಿ."
ಬಹಳ ಹೊತ್ತು ಕೈ ತೆಗೆಯಲಿಲ್ಲ.
ಆಮೇಲೆ, "ಕಿರಿಯವನ ಪಾದ ಎಷ್ಟುದ್ದ?" ಎಂದಳು.
ಇಪ್ಪತ್ತಾರು ವರ್ಷ ಕೊಳವೆಯ ಸುತ್ತಳತೆ ಅಳೆದವನಿಗೆ
ಅದು ಗೊತ್ತಿರಲಿಲ್ಲ.

ಗುಂಡಿಯಲ್ಲಿ ಬೆಚ್ಚಗಿಡುವುದು ಉಪಕಾರವಲ್ಲ, ಬಲ್ಲೆ.
ಕೊಳವೆ ಒಡೆದರೆ ಬೆಂದುಹೋಗುತ್ತಾರೆ. ಹೋದ ವರ್ಷ
ಇಪ್ಪತ್ತೇಳನೆಯದಕ್ಕೆ ನಾನೇ ಇಳಿದು ಎತ್ತಿದ್ದೇನೆ.
ಆ ಮಾತು ಬೇಡ.
ತೆರೆದಿಟ್ಟರೂ ಪಾಪ, ಮುಚ್ಚಿದರೂ ಪಾಪ;
ನಡುವೆ ಇರಬೇಕಾದ್ದು ಒಂದು ಮನೆ.
ಅದನ್ನು ಬೆಸೆಯುವಷ್ಟು ಬೆಂಕಿ
ನನ್ನೊಬ್ಬನ ಚೀಲದಲ್ಲಿಲ್ಲ.

ಸಂಜೆ ವರದಿ ಬರೆದೆ.
ಮುಚ್ಚಳ ಸಂಖ್ಯೆ: ನಲವತ್ತೊಂದು.
ಕೆಲಸ: ಆಗಿಲ್ಲ.
ಕಾರಣ ಎಂಬಲ್ಲಿ ಜಾಗ ಬೆರಳಗಲ. ಒತ್ತಿ ಒತ್ತಿ ಬರೆದೆ:
ಮಿಚಿದ್ಮಾ, ತುವ್ಶಿನ್, ಬೋಲ್ದ್‌ಸುಖ್, ನೆರ್ಗುಯ್.
ಗುಮಾಸ್ತೆ ತಲೆಯೆತ್ತಿದಳು:
"ಕೊನೆಗೆ ಹೆಸರಿಲ್ಲದವನು ಅಂತ ಬರೆದಿದ್ದೀಯಲ್ಲ, ಹೆಸರೇನು?"

"ಅದೇ" ಎಂದೆ.
"ಕೂಗಿ ನೋಡಿ.
ಓ ಅನ್ನುತ್ತಾನೆ."