ಕೊನೆಯ ಮೂರು

ಆರಿಸ್ ಜಂಕ್ಷನ್ನಿನ ಆರನೆಯ ಹಳಿ. ಜನವರಿ.
ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗೆ.
ಕುರಲಾಯ್ ಟಾರ್ಚು ಹಿಡಿದು ಒಂದೊಂದೇ ವ್ಯಾಗನ್ನಿನ ನಂಬರನ್ನು
ಗಟ್ಟಿಯಾಗಿ ಓದುತ್ತ ಬರುತ್ತಾಳೆ. ರೇಡಿಯೋದ ಆಚೆ
ಝೆಕ್ಸೆನ್ ಬರೆದುಕೊಳ್ಳುತ್ತಾನೆ, ನಡುನಡುವೆ ಚಹಾ ಹೀರುವ ಸದ್ದು.

ಮೂವತ್ತೊಂದನೆಯದು ಎಣ್ಣೆ ಟ್ಯಾಂಕರು.
ಏಳು ಮೂರು ಒಂಬತ್ತು ಮೂರು ಒಂಬತ್ತು ಒಂದು ಮೂರು ಮೂರು.
"ತಪ್ಪು," ಅಂದ ಝೆಕ್ಸೆನ್. "ಕೊನೆಯದು ನಾಲ್ಕಿರಬೇಕು."

ಹೌದು. ಮೊದಲ ಏಳರಲ್ಲಿ ಒಂದು ಬಿಟ್ಟು ಒಂದನ್ನು ಇಮ್ಮಡಿಸಿ
ಬಂದ ಅಂಕಿಗಳನ್ನೆಲ್ಲ ಬಿಡಿಬಿಡಿಯಾಗಿ ಕೂಡಿದರೆ ಮೂವತ್ತಾರು;
ನಲವತ್ತಕ್ಕೆ ನಾಲ್ಕು ಕಮ್ಮಿ. ಆ ನಾಲ್ಕೇ ಕಾವಲು ಅಂಕಿ.
ಯಾವುದೋ ಶೆಡ್ಡಿನಲ್ಲಿ ಯಾರೋ ನಿದ್ದೆಗಣ್ಣಲ್ಲಿ
ಮೂರು ಬಳಿದಿದ್ದಾರೆ.

ತಿದ್ದುವವರೆಗೆ ಟ್ಯಾಂಕರು ಪಕ್ಕದ ಹಳಿಯಲ್ಲಿ ನಿಂತಿತು.
ಇವಳು ಒಲೆಯ ಹತ್ತಿರ, ಹಳೆಯ ಫಾರಮ್ಮುಗಳ ಬೆನ್ನ ಮೇಲೆ
ಸುಮ್ಮನೆ ಭಾಗಿಸತೊಡಗಿದಳು.
ಏಳಕ್ಕೆ ಎರಡು ಉಳಿಯಿತು. ಹನ್ನೊಂದಕ್ಕೆ ನಾಲ್ಕು.
ಹದಿಮೂರಕ್ಕೆ ಎಂಟು. ಹದಿನೇಳಕ್ಕೆ ಹದಿನಾರು ಬಂದೀತೆಂದು
ಉಸಿರು ಬಿಗಿಹಿಡಿದರೆ, ಹದಿಮೂರು!
ಸಾಲದ ಶೇಷ, ಬೆಂಕಿಯ ಶೇಷ ಉಳಿಸಬಾರದು ಅನ್ನುತ್ತೇವೆ ನಾವು;
ಇದೋ, ಕೂತ ಪಂಕ್ತಿಯಲ್ಲೆಲ್ಲ
ಎಲೆಯಲ್ಲಿ ಒಂದಿಷ್ಟು ಬಿಟ್ಟೇ ಏಳುತ್ತದೆ.

ಎಂಟು ಸಾವಿರದ ಐನೂರ ತೊಂಬತ್ತೆಂಟು ದಾಟುವ ಹಾಗಿಲ್ಲ,
ಆಚೆ ಹೋದರೆ ಹೋದ ದಾರಿಯೇ ಎದುರು ಬರುತ್ತದೆ.
ಸಾವಿರಕ್ಕೂ ಮಿಕ್ಕ ಭಾಗಾಕಾರ. ಹನ್ನೊಂದು ರಾತ್ರಿ.
ಒಡೆಯಲಿಲ್ಲ.

ಆಮೇಲೊಂದು ದಿನ, ಯಾಕೆಂದು ತಿಳಿಯದೆ, ಬಲತುದಿಯ ಮೂರನ್ನು
ಕೈಗವಸಿನಿಂದ ಮುಚ್ಚಿದಳು. ಉಳಿದದ್ದನ್ನು ಭಾಗಿಸಿದಳು.
ಅದೂ ಒಡೆಯಲಿಲ್ಲ. ಇನ್ನೊಂದನ್ನು ಮುಚ್ಚಿದಳು.

೭೩೯೩೯೧೩೩
೭೩೯೩೯೧೩
೭೩೯೩೯೧
೭೩೯೩೯
೭೩೯೩
೭೩೯
೭೩
೭

ಬಾಲ ಉದುರಿದಷ್ಟೂ ಹಲ್ಲಿ ಹಲ್ಲಿಯೇ.
ಉದ್ದ ಮಾಡಹೋದರೆ ಮಾತ್ರ ಆಗದು: ಹಿಂದೆ ಒಂದು ಇಟ್ಟರೆ,
ಏಳು ಇಟ್ಟರೆ, ಮೂರರ ಬಾಯಿಗೆ. ಐದು ಐದರ ಬಾಯಿಗೆ.
ಮೂರು, ಒಂಬತ್ತು ಬಹಳ ದೂರ ನಡೆದು ಮುರಿದವು.
ಈ ಜಾತಿಯಲ್ಲಿ ಇದಕ್ಕಿಂತ ದೊಡ್ಡದೊಂದಿಲ್ಲ.
ಅದು ಕುರಲಾಯ್‌ಗೆ ಗೊತ್ತಿಲ್ಲ.

ಫೆಬ್ರವರಿಯಲ್ಲಿ ಶಿಮ್ಕೆಂಟಿನಿಂದ ಪೇಂಟರ್ ನೊಗಾಯ್ ಬಂದ,
ಬಣ್ಣ ಹೆಪ್ಪುಗಟ್ಟದಿರಲೆಂದು ಡಬ್ಬಿಯನ್ನು ಕೋಟಿನೊಳಗೆ ಅವುಚಿಕೊಂಡು.
ಮೂರನ್ನು ಕೆರೆದ. ನಾಲ್ಕು ಬರೆದ. ಎರಡೇ ನಿಮಿಷ.
ಈಗ ಎರಡಕ್ಕೂ ಹೋಗುತ್ತದೆ, ಮೂರಕ್ಕೂ ಹೋಗುತ್ತದೆ,
ಆರು ಪಾಲು ಮಾಡಿದರೂ ತಕರಾರಿಲ್ಲ.
ಕಂಪ್ಯೂಟರು ಒಪ್ಪಿತು. ಸಿಗ್ನಲ್ಲು ಬಿತ್ತು.

ಅವಳು ಏನೂ ಹೇಳಲಿಲ್ಲ. ಹೇಳುವುದಾದರೂ ಏನು?
ತಪ್ಪು ತಪ್ಪೇ. ರಿಜಿಸ್ಟರಿನಲ್ಲಿ ಸಹಿ ಹಾಕಿದವಳೂ ಅವಳೇ.
ಗಾಡಿ ಅಲುಗುವ ಮುಂಚೆ ಹೋಗಿ, ರೇಡಿಯೋ ಆರಿಸಿ,
ಹೊಸ ನಾಲ್ಕಿನ ಮೇಲೆ ಅಂಗೈಯೊತ್ತಿ
ಉಳಿದ ಏಳನ್ನೂ ಎಡದಿಂದ ಓದಿದಳು.

"ಏಯ್," ಅಂದ ನೊಗಾಯ್, "ಇನ್ನೂ ಹಸಿ ಇದೆ ಅದು."